ಎಂಟಡಿಗೆ ಹತ್ತಡಿ ಕೋಣೆಯವರ ಅಹವಾಲು

ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ‘ಚಿಕ್ಕ ಮಲಗುವ ಕೋಣೆ’ಯ ಅಲಂಕಾರದ ಲೇಖನ ಓದಿದೆ. ಚಿತ್ರದಲ್ಲಿದ್ದ ಮಂಚದ ಸುತ್ತ ಮಕ್ಕಳು ಕುಂಟೆಬಿಲ್ಲೆ ಆಡುವಷ್ಟು ಜಾಗವಿತ್ತು! ಹನುಮಂತನಗರದ ನಮ್ಮ ಬಾಡಿಗೆ ಮನೆಯ ಕೋಣೆ ಎಂಟಡಿಗೆ ಹತ್ತಡಿ, ಅಂದರೆ ಸುಮಾರು 7.4 ಚದರ ಮೀಟರ್. ಎರಡು ಕೋಣೆಗಳ ಮನೆಯಲ್ಲಿ ಚಿಕ್ಕದಕ್ಕೂ ಕನಿಷ್ಠ 7.5 ಚದರ ಮೀಟರ್ ಇರಬೇಕೆಂದು ರಾಷ್ಟ್ರೀಯ ಕಟ್ಟಡ ಸಂಹಿತೆ ಹೇಳುತ್ತದೆ. ಒಂದು ಊಟದ ಮಣೆಯಷ್ಟು ಜಾಗ ನಮಗೆ ಬಾಕಿ ಬರಬೇಕು.

ಐದಡಿ ಅಗಲದ ಮಂಚ ನಡುವೆ ಇದ್ದಾಗ ಬೀರುವಿನ ಬಾಗಿಲು ಅರ್ಧ ತೆರೆದರೆ ಹೆಚ್ಚು. ಸೀರೆ ತೆಗೆಯಲು ನನ್ನ ಹೆಂಡತಿ ಮಂಚ ಹತ್ತುತ್ತಿದ್ದಳು. ನಿವೃತ್ತನಾದ ಮೇಲೆ ಅಳತೆಪಟ್ಟಿ ಹಿಡಿದು ಕುಳಿತೆ. ಮಂಚವನ್ನು ಗೋಡೆಗೆ ಸರಿಸಿ, ಕಾಲುಗಳ ಕೆಳಗೆ ಮರದ ತುಂಡು ಕೊಟ್ಟು ಎತ್ತರಿಸಿದೆ. ದಸರಾ ಬೊಂಬೆಗಳ ಟ್ರಂಕು, ಚಳಿಗಾಲದ ರಗ್ಗುಗಳು ಅಡಿಯಲ್ಲಿ ಸೇರಿದವು. ಬೀರುವನ್ನು ಹೊರಗೋಡೆಯಿಂದ ನಾಲ್ಕು ಬೆರಳು ಮುಂದಕ್ಕೆ ತಂದೆ. ಅಂಟಿಸಿಟ್ಟಿದ್ದಾಗ ಮಳೆಗಾಲದಲ್ಲಿ ಹಿಂದೆಲ್ಲ ಬೂಷ್ಟು. ಕಿಟಕಿಯಾಚೆ ಕೈ ಚಾಚಿದರೆ ಪಕ್ಕದ ಮನೆಯ ಗೋಡೆ, ಬೆಳಕು ಬರುವುದೇ ಕಡಿಮೆ. ಹಾಗಾಗಿ ದಪ್ಪ ಪರದೆ ತೆಗೆದು ಹಳೆಯ ಬಿಳಿ ಪಂಚೆ ಕಟ್ಟಿದ್ದೇನೆ. (ಹೆಂಡತಿಗೆ ಇದೊಂದು ಹಿಡಿಸಿಲ್ಲ.)

ಈ ಊರಿನಲ್ಲಿ 20x30 ನಿವೇಶನಗಳಲ್ಲಿ ಎದ್ದ ಮನೆಗಳೇನು ಕಡಿಮೆಯೇ? ಮುಂದಿನ ಬಾರಿ ನಿಮ್ಮ ಛಾಯಾಗ್ರಾಹಕರನ್ನು ಅಂಥದ್ದೊಂದು ಮನೆಗೆ ಕಳುಹಿಸಿ. ನಮ್ಮಲ್ಲಿಗೇ ಬಂದರೆ ಕಾಫಿ ಸಿದ್ಧ. ಚಿತ್ರವನ್ನು ಮಾತ್ರ ಬಾಗಿಲಾಚೆ ನಿಂತೇ ತೆಗೆಯಬೇಕಾದೀತು.

– ನಿವೃತ್ತ ಗುಮಾಸ್ತ, ಹನುಮಂತನಗರ, ಬೆಂಗಳೂರು