ಕ್ಯಾಲಿಫೋರ್ನಿಯಾಕ್ಕೆ ಕೊಡುವ ಲೆಕ್ಕ ಕರ್ನಾಟಕಕ್ಕೆ ಯಾಕಿಲ್ಲ? ಕಾರ್ಮಿಕ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಕಾರ್ಮಿಕ ಸಚಿವರೇ, ನಮಸ್ಕಾರ.

ನಾನು ಹೊಸೂರು ರಸ್ತೆಯ ಒಂದು ಕಂಪನಿಯಲ್ಲಿ ಸಂಬಳದ ಲೆಕ್ಕ ನೋಡುವವನು. ಹದಿಮೂರು ವರ್ಷದಿಂದ ಇದೇ ಕೆಲಸ. ನಮ್ಮ ಮೂಲ ಕಂಪನಿ ಅಮೆರಿಕದ್ದು. ಅಲ್ಲಿಯ ನೌಕರರ ಲೆಕ್ಕವೂ ನಮ್ಮ ಟೇಬಲ್ಲಿಗೇ ಬರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ 2020ರಲ್ಲಿ ಒಂದು ಕಾಯ್ದೆಯಾಯಿತು. 100 ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಖಾಸಗಿ ಕಂಪನಿಗಳು ಯಾವ ಜನಾಂಗದ ಎಷ್ಟು ಮಂದಿ ಯಾವ ದರ್ಜೆಯಲ್ಲಿದ್ದಾರೆ, ಯಾವ ಸಂಬಳದ ಹಂತದಲ್ಲಿದ್ದಾರೆ ಎಂದು ವರ್ಷವರ್ಷ ಸರ್ಕಾರಕ್ಕೆ ತಿಳಿಸಬೇಕು. 2021ರಿಂದ ವರದಿ ಹೋಗುತ್ತಿದೆ. ನಮ್ಮ ಕಂಪನಿಯ ಪಾಲಿನ ಆ ಶೀಟ್ ತುಂಬಿ ಕಳಿಸುವವನು ಬೊಮ್ಮನಹಳ್ಳಿಯ ಬಾಡಿಗೆ ಮನೆಯಲ್ಲಿರುವ ನಾನು.

ಅದೇ ಕಂಪ್ಯೂಟರಿನಲ್ಲಿ ಬೆಂಗಳೂರು ಆಫೀಸಿನ ಶೀಟೂ ಇದೆ. ಅದರಲ್ಲಿ ಆ ಕಾಲಂ ಇಲ್ಲ.

ನಮ್ಮಲ್ಲಿ ನಾಗಾಲ್ಯಾಂಡಿನ ದಿಮಾಪುರದ ಹೆಣ್ಣುಮಗಳೊಬ್ಬರು ರಾತ್ರಿ ಪಾಳಿಯಲ್ಲಿದ್ದರು. ಅವರ ಜೊತೆ ಅದೇ ದಿನ ಸೇರಿದ ಹುಡುಗನೊಬ್ಬ ಇದ್ದ. ನಾಲ್ಕನೇ ವರ್ಷದ ಏಪ್ರಿಲ್‌ನಲ್ಲಿ ಹೈಕ್ ಪತ್ರ ತಯಾರಿಸುವಾಗ ನೋಡುತ್ತೇನೆ, ಆ ಹುಡುಗ ಟೀಮ್ ಲೀಡರ್, ತಿಂಗಳಿಗೆ 38,900. ಇವರು ಇದ್ದಲ್ಲೇ ಇದ್ದಾರೆ, 31,400. ಆತನಿಗೆ ಕೆಲಸ ಕಲಿಸಿದ್ದೇ ಇವರು. ಹೊಸಬರು ಯಾರೇ ಬರಲಿ, ಮೊದಲ ವಾರ ಇವರ ಪಕ್ಕದಲ್ಲೇ ಕೂರಿಸುತ್ತಿದ್ದರು. ರಿಮಾರ್ಕ್ಸ್ ಕಾಲಂನಲ್ಲಿ ಹೀಗಿತ್ತು: ‘ಲೀಡ್ ರೋಲಿಗೆ ಸೂಟ್ ಆಗಲ್ಲ, ಊರಿಗೆ ವಾಪಸ್ ಹೋಗಬಹುದು.’ ನಾಲ್ಕು ವರ್ಷದಲ್ಲಿ ಅವರು ಊರಿಗೆ ಹೋಗಿದ್ದು ಎರಡೇ ಸಲ, ಕ್ರಿಸ್‌ಮಸ್‌ಗೆ. ಮಂಡ್ಯದವನಾದ ನಾನು ತಿಂಗಳಿಗೆ ಎರಡು ಸಲ ಹೋಗುತ್ತೇನೆ. ನನ್ನ ರಿಮಾರ್ಕ್ಸಿನಲ್ಲಿ ಯಾರೂ ಹಾಗೆ ಬರೆದಿಲ್ಲ.

ಟೀಮಿನ ವಾಟ್ಸಾಪ್ ಗ್ರೂಪಿನಲ್ಲಿ ಅವರನ್ನು ‘ಮೋಮೋ’ ಅನ್ನುತ್ತಿದ್ದರು, ಈಶಾನ್ಯದವರನ್ನು ಗೇಲಿ ಮಾಡುವ ಹೆಸರು ಅದು. ಮೊದಮೊದಲು ಅವರೂ ನಗುತ್ತಿದ್ದರಂತೆ. ಆಮೇಲೆ ಗ್ರೂಪನ್ನು ಮ್ಯೂಟ್ ಮಾಡಿಟ್ಟರು. ಬಡ್ತಿಯ ಬಗ್ಗೆ ಎಚ್‌ಆರ್‌ನವರನ್ನು ಕೇಳಿದ್ದಕ್ಕೆ ‘ಪರ್ಫಾರ್ಮೆನ್ಸ್ ನೋಡಿ ಕೊಡೋದು’ ಎಂಬ ಉತ್ತರ ಬಂತು. ಆ ವರ್ಷದ ಅವರ ರೇಟಿಂಗ್ ಹುಡುಗನಿಗಿಂತ ಮೇಲಿತ್ತು. ಎರಡೂ ನನ್ನ ಕಣ್ಣೆದುರಿಗಿದ್ದವು. ಆದರೂ ಪತ್ರ ಪ್ರಿಂಟ್ ಹೊಡೆದು, ಕವರಿಗೆ ಹಾಕಿ, ಅಂಟಿಸಿ ಕೊಟ್ಟೆ. ಸುಮ್ಮನಿದ್ದವರ ಪಟ್ಟಿಯಲ್ಲಿ ನನ್ನ ಹೆಸರೂ ಇದೆ ಸ್ವಾಮಿ. ಮಳೆಗಾಲಕ್ಕೆ ಮುಂಚೆ ಅವರು ಕೆಲಸ ಬಿಟ್ಟರು.

ಇದು ಜನಾಂಗಭೇದವೇ ಎಂದು ಆಣೆ ಇಟ್ಟು ಹೇಳಲಾರೆ. ಒಬ್ಬರ ಚೀಟಿ ನೋಡಿ ಅದು ಗೊತ್ತಾಗುವುದಿಲ್ಲ. ಹತ್ತು ವರ್ಷದ ಶೀಟುಗಳನ್ನು ರಾಜ್ಯವಾರು ವಿಂಗಡಿಸಿ, ಯಾರು ಎಷ್ಟು ವರ್ಷಕ್ಕೆ ಮೇಲೇರಿದರು ಎಂದು ನೋಡಿದರೆ ಗೊತ್ತಾದೀತು. ಹಾಗೆ ನೋಡುವುದು ಇಲ್ಲಿ ಯಾರ ಕೆಲಸವೂ ಅಲ್ಲ.

ಕಾನೂನಿನಲ್ಲಿ ಹುಡುಕಿದೆ. ಸಂವಿಧಾನದ 16ನೇ ವಿಧಿ ಜನಾಂಗ, ಜಾತಿ, ಹುಟ್ಟಿದ ಊರು ನೋಡಿ ತಾರತಮ್ಯ ಮಾಡಬಾರದು ಅನ್ನುತ್ತದೆ, ಆದರೆ ಸರ್ಕಾರಿ ನೌಕರಿಯಲ್ಲಿ ಮಾತ್ರ. ಬನ್ನೇರುಘಟ್ಟ ರಸ್ತೆಯ ನಿಮ್ಮ ಕಾರ್ಮಿಕ ಭವನದ ಗುಮಾಸ್ತರಿಗೆ ಇರುವ ಆ ರಕ್ಷಣೆ ಅದೇ ರಸ್ತೆಯ ಖಾಸಗಿ ಕಂಪನಿಯವರಿಗಿಲ್ಲ. 1976ರ ಸಮಾನ ಸಂಭಾವನೆ ಕಾಯ್ದೆ ಗಂಡು ಹೆಣ್ಣಿನ ಭೇದವನ್ನಷ್ಟೇ ಕೇಳುತ್ತಿತ್ತು. ಅದರ ಜಾಗಕ್ಕೆ ಬಂದ, 2025ರ ನವೆಂಬರ್ 21ರಿಂದ ಜಾರಿಯಲ್ಲಿರುವ ವೇತನ ಸಂಹಿತೆಯೂ ತಾರತಮ್ಯದ ವಿಚಾರದಲ್ಲಿ ಲಿಂಗದ ಹೆಸರಷ್ಟೇ ಎತ್ತುತ್ತದೆ. ಹೆಣ್ಣೆಂದು ಕಡಿಮೆ ಕೊಟ್ಟರೆ ಅದರಡಿ ಕೇಳಬಹುದು. ನಾಗಾ ಎಂದು ಕಡಿಮೆ ಕೊಟ್ಟರೆ?

ಕೇಂದ್ರದ ಕಾನೂನು, ನಮ್ಮ ಕೈಲೇನಿದೆ ಅನ್ನಬೇಡಿ. ಐಟಿ ಕಂಪನಿಗಳಿಗೂ ಐಟಿಇಎಸ್ ಅಂದರೆ ಐಟಿ ಆಧಾರಿತ ಸೇವೆಯ ಕಂಪನಿಗಳಿಗೂ, ಕೆಲಸದ ಷರತ್ತುಗಳನ್ನು ಬರೆದಿಡಬೇಕು ಎನ್ನುತ್ತಿದ್ದ ಆಗಿನ ಸ್ಥಾಯಿ ಆದೇಶಗಳ ಕಾಯ್ದೆಯಿಂದ 2014ರಲ್ಲಿ ವಿನಾಯಿತಿ ಕೊಟ್ಟದ್ದು, ಆಮೇಲೆ ಮುಂದುವರಿಸಿದ್ದು ನಮ್ಮ ರಾಜ್ಯ ಸರ್ಕಾರವೇ. ಕುಂದುಕೊರತೆ ಸಮಿತಿ ಇರಬೇಕೆಂಬ ಷರತ್ತನ್ನೂ ಸರ್ಕಾರವೇ ಹಾಕಿತ್ತು. ನಮ್ಮ ಕಂಪನಿಯಲ್ಲೂ ಆ ಸಮಿತಿ ಇದೆ. ಸದಸ್ಯರ ಫೋಟೋ ನೋಟಿಸ್ ಬೋರ್ಡಿನಲ್ಲಿದೆ. ನನಗೆ ಗೊತ್ತಿರುವಂತೆ ಅದರ ಮುಂದೆ ಬರುವ ದೂರುಗಳು ಕ್ಯಾಬ್ ತಡವಾದದ್ದು, ಕ್ಯಾಂಟೀನ್ ಸಾಂಬಾರು ನೀರಾದದ್ದು. ಸಮಿತಿಗೆ ದೂರು ಕೇಳು ಎಂದಿರಿ, ಕಂಪನಿಗೆ ಲೆಕ್ಕ ಕೊಡು ಎನ್ನಲಿಲ್ಲ. ವಿನಾಯಿತಿ ಪಡೆದವರು ಹೆಸರಿಲ್ಲದೆ, ತವರು ರಾಜ್ಯ, ದರ್ಜೆ, ಸಂಬಳದ ಹಂತ, ಬಡ್ತಿ ಸಿಕ್ಕ ವರ್ಷ ಇಷ್ಟನ್ನು ವರ್ಷಕ್ಕೊಮ್ಮೆ ನಿಮ್ಮ ಇಲಾಖೆಗೆ ಸಲ್ಲಿಸಲಿ. ನಾನು ಕೇಳುತ್ತಿರುವುದು ಇಷ್ಟೇ.

ಕಂಪನಿಗಳು ಹೈದರಾಬಾದಿಗೆ ಹೊರಟುಬಿಡುತ್ತವೆ ಎಂದು ಯಾರಾದರೂ ನಿಮ್ಮ ಕಿವಿಯೂದುತ್ತಾರೆ. 2024ರ ಜುಲೈನಲ್ಲಿ ಸ್ಥಳೀಯರಿಗೆ ಉದ್ಯೋಗ ಮೀಸಲಿಡುವ ಮಸೂದೆ ಸಂಪುಟದ ಒಪ್ಪಿಗೆ ಪಡೆದು ಎರಡು ಮೂರು ದಿನದಲ್ಲೇ ತಡೆಹಿಡಿದದ್ದು ನಿಮಗೆ ಮರೆತಿರಲಾರದು. ಅಲ್ಲಿ ತಕರಾರು ಯಾರನ್ನು ಸೇರಿಸಿಕೊಳ್ಳಬೇಕು ಎಂಬುದಕ್ಕೆ. ಇಲ್ಲಿ ಕೇಳುತ್ತಿರುವುದು ಇರುವ ಶೀಟಿಗೆ ಒಂದು ಕಾಲಂ. ನನ್ನಂಥವನಿಗೆ ಒಂದು ಮಧ್ಯಾಹ್ನದ ಕೆಲಸ. ನಮ್ಮೂರಿನ ಕಂಪನಿಯಲ್ಲೇ ಬೇರೆ ಭಾಷೆಯ ಮ್ಯಾನೇಜರುಗಳು ತಮ್ಮವರನ್ನೇ ಮೇಲೆತ್ತುತ್ತಾರೆ ಎಂದು ಟೀ ಅಂಗಡಿಯಲ್ಲಿ ಗೊಣಗುವ ಕನ್ನಡದ ಹುಡುಗರಿಗೂ ಈ ಲೆಕ್ಕ ಬೇಕು. ಅವರ ಗೊಣಗಾಟ ನಿಜವೋ ಸುಳ್ಳೋ, ಅದೂ ತಿಳಿಯಲಿ.

2012ರ ಆಗಸ್ಟ್‌ನಲ್ಲಿ ದಾಳಿಯಾಗುತ್ತದೆಂಬ ವದಂತಿಗೆ ಹೆದರಿ ಬೆಂಗಳೂರಿನ ಈಶಾನ್ಯದವರು ಗುವಾಹಟಿಯ ರೈಲು ಹತ್ತಿದಾಗ ಸರ್ಕಾರದವರು ನಿಲ್ದಾಣಕ್ಕೇ ಹೋಗಿ, ಊರು ಬಿಡಬೇಡಿ ಎಂದು ಕೇಳಿಕೊಂಡಿದ್ದರು. ಅವರಲ್ಲಿ ಎಷ್ಟೋ ಜನ ವಾಪಸ್ ಬಂದರು.

ಶೀಟಿನ ನಮೂನೆ ಬೇಕಿದ್ದರೆ ನಾನೇ ಮಾಡಿ ಕಾರ್ಮಿಕ ಭವನಕ್ಕೆ ತಂದುಕೊಡುತ್ತೇನೆ. ಮುಂದಿನ ಹೈಕ್ ಪತ್ರಗಳು ಮಾರ್ಚ್ ಕೊನೆಯಲ್ಲಿ ನನ್ನ ಟೇಬಲ್ಲಿಗೆ ಬರುತ್ತವೆ. ಅದರೊಳಗೆ ತಮ್ಮ ಉತ್ತರ ಬಂದರೆ ಉಪಕಾರವಾಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಹೊಸೂರು ರಸ್ತೆಯ ಒಬ್ಬ ಸಂಬಳದ ಗುಮಾಸ್ತ