ಕೋವಿ ಠೇವಣಿ ರಶೀದಿಯಲ್ಲಿ ಬಿಡಿಭಾಗವೂ ನಮೂದಾಗಲಿ

ಮಾನ್ಯ ಸಂಪಾದಕರೇ,

ಚುನಾವಣೆ ಬಂತೆಂದರೆ ನಮ್ಮ ಕರಾವಳಿಯ ಕೃಷಿಕರಿಗೆ ಕೋವಿ ಠೇವಣಿ ಇಡುವ ಚಿಂತೆ ಶುರುವಾಗುತ್ತದೆ. ತೋಟಕ್ಕೆ ಹಂದಿ, ಮಂಗಗಳ ಕಾಟ, ಒಂಟಿ ಮನೆಗಳ ಭಯ, ಠಾಣೆಗೆ ಓಡಾಟ, ಇವೆಲ್ಲ ಪತ್ರಿಕೆಗಳಲ್ಲಿ ಆಗಾಗ ಬರುತ್ತವೆ. ಠೇವಣಿ ಇಟ್ಟಾಗ ಕೈಗೆ ಸಿಗುವ ರಶೀದಿಯಲ್ಲಿ ಏನು ಬರೆದಿರುತ್ತದೆ ಎಂಬುದರ ಬಗ್ಗೆ ಮಾತ್ರ ಚರ್ಚೆ ಆದದ್ದು ನಾನು ಕಂಡಿಲ್ಲ. ಆ ರಶೀದಿಯಲ್ಲಿ ಒಂದು ಸಾಲು ಇಲ್ಲದ ಕಾರಣ ನಮ್ಮ ಮನೆಯ ಹಳೆಯ ರಿವಾಲ್ವರ್ ಈಗ ಉಪಯೋಗಕ್ಕೆ ಬಾರದೆ ಕೂತಿದೆ. ಈ ತೊಂದರೆ ಇನ್ನೊಬ್ಬರಿಗೆ ಬರಬಾರದು ಎಂದು ಬರೆಯುತ್ತಿದ್ದೇನೆ.

ನಾನು ಕಾರ್ಕಳ ತಾಲೂಕಿನವನು. ಐಟಿಐಯಲ್ಲಿ ಫಿಟ್ಟರ್ ಟ್ರೇಡ್ ಕಲಿಸಿ ನಿವೃತ್ತನಾಗಿ ಈಗ ಅಡಿಕೆ ತೋಟ ನೋಡಿಕೊಂಡಿದ್ದೇನೆ. ರಿವಾಲ್ವರ್ ನನ್ನ ಅಪ್ಪನದು. ಘಟ್ಟದ ಮೇಲಿನ ಕಾಫಿ ಎಸ್ಟೇಟಿನ ಮ್ಯಾನೇಜರೊಬ್ಬರು ಊರು ಬಿಡುವಾಗ ಮಾರಿದ್ದನ್ನು ಮಂಗಳೂರಿನ ಲೈಸೆನ್ಸ್ ಇದ್ದ ಅಂಗಡಿಯ ಮೂಲಕ ಅಪ್ಪ ಕೊಂಡಿದ್ದರು. ಅವರು ತೀರಿಕೊಂಡ ಮೇಲೆ ವಾರಸುದಾರ ಎಂಬ ನೆಲೆಯಲ್ಲಿ ಲೈಸೆನ್ಸ್ ನನ್ನ ಹೆಸರಿಗೆ ಆಯಿತು.

ಅಮೆರಿಕದ ರೂಗರ್ ಕಂಪೆನಿ 1953ರಲ್ಲಿ ಹೊರತಂದ ಸಿಂಗಲ್ ಸಿಕ್ಸ್ ಎಂಬ ಮಾಡೆಲ್ ಇದು. ಪಾಯಿಂಟ್ 22 ಬೋರ್. 1973ರಲ್ಲಿ ಕಂಪೆನಿ ಒಳಗಿನ ಕೆಲಸವನ್ನೇ ಬದಲಿಸಿ ಹೊಸ ಮಾಡೆಲ್ ಮಾಡಿತು. ನಮ್ಮದು ಅದಕ್ಕೂ ಹಿಂದಿನದು, ಫ್ರೇಮಿನ ಬದಿಯಲ್ಲಿ ಮೂರು ಸ್ಕ್ರೂ ಇರುವಂಥದ್ದು. ಈ ಹಳೆಯದರಲ್ಲಿ ತೋಟೆ ಕೂರುವ ಆರು ಕೋಣೆ ಇದ್ದರೂ ಐದೇ ತೋಟೆ ತುಂಬಬೇಕು. ಹ್ಯಾಮರ್‌ನ ಕೆಳಗಿನ, ಅಂದರೆ ತೋಟೆಗೆ ಬಡಿಯುವ ಸುತ್ತಿಗೆಯ ಎದುರಿನ, ಕೋಣೆ ಖಾಲಿ ಇರಬೇಕು. ಇಲ್ಲದಿದ್ದರೆ ಕೈಜಾರಿ ನೆಲಕ್ಕೆ ಬಿದ್ದಾಗ ಈಡು ಹಾರಬಹುದು. ಇಂಥ ಹಳೆಯ ರಿವಾಲ್ವರ್ ಇಟ್ಟುಕೊಂಡ ಬೇರೆಯವರಿದ್ದರೆ ಇದನ್ನು ಮರೆಯಬಾರದು.

ಇದರ ವಿಶೇಷವೆಂದರೆ ಒಂದೇ ರಿವಾಲ್ವರಿಗೆ ಎರಡು ಸಿಲಿಂಡರ್, ಅಂದರೆ ಆ ಆರು ಕೋಣೆಗಳಿರುವ ತಿರುಗುವ ಉರುಳೆ. ಒಂದು ಮಾಮೂಲಿ ಪಾಯಿಂಟ್ 22 ಲಾಂಗ್ ರೈಫಲ್ ತೋಟೆಗೆ. ಇನ್ನೊಂದು 1959ರಲ್ಲಿ ವಿಂಚೆಸ್ಟರ್ ಕಂಪೆನಿ ತಂದ ಪಾಯಿಂಟ್ 22 ಮ್ಯಾಗ್ನಂ ತೋಟೆಗೆ. ಬ್ಯಾರೆಲ್ ಎರಡಕ್ಕೂ ಒಂದೇ. ಲೋಡಿಂಗ್ ಗೇಟ್ ತೆರೆದು, ಹ್ಯಾಮರ್ ಅರ್ಧ ಎಳೆದು, ಮುಂದಿನ ಪಿನ್ ಹೊರತೆಗೆದರೆ ಸಿಲಿಂಡರ್ ಬದಿಗೆ ಉರುಳಿ ಕೈಗೆ ಬರುತ್ತದೆ. ಇನ್ನೊಂದನ್ನು ಕೂರಿಸಿ ಪಿನ್ ಹಾಕಿದರೆ ಮುಗಿಯಿತು. ಸ್ಪ್ಯಾನರ್ ಬೇಡ, ಸ್ಕ್ರೂಡ್ರೈವರ್ ಬೇಡ. ಕೆಲಸ ಕಲಿಯಲು ಬಂದ ಹುಡುಗರಿಗೆ ಒಳ್ಳೆಯ ಫಿಟ್ಟಿಂಗ್ ಅಂದರೇನು ಎಂದು ಹೇಳುವಾಗ ನನ್ನ ಮನಸ್ಸಿನಲ್ಲಿ ಇದ್ದದ್ದು ಈ ರಿವಾಲ್ವರೇ.

ಕಳೆದ ಲೋಕಸಭೆ ಚುನಾವಣೆಗೆ 2024ರ ಮಾರ್ಚ್ 16ರಂದು ನೀತಿಸಂಹಿತೆ ಜಾರಿಯಾಯಿತು. ಎಲ್ಲರಂತೆ ನಾನೂ ಠಾಣೆಗೆ ಹೋಗಿ ರಿವಾಲ್ವರ್ ಒಪ್ಪಿಸಿದೆ. ಠೇವಣಿಗೆ ಕೊಡುವಾಗ ಮ್ಯಾಗ್ನಂ ಸಿಲಿಂಡರ್ ಹಾಕಿ, ದಿನಬಳಕೆಯ ಸಿಲಿಂಡರನ್ನು ಬೇರೆ ಬಟ್ಟೆಯ ಚೀಲದಲ್ಲಿ ಕೊಡುವುದು ಅಪ್ಪನ ಕಾಲದ ಪದ್ಧತಿ. ಮ್ಯಾಗ್ನಂ ತೋಟೆ ಊರಲ್ಲಿ ಯಾರ ಹತ್ತಿರವೂ ಇರುವುದಿಲ್ಲ, ಹಾಗಾಗಿ ಅದು ಹೆಚ್ಚು ಸುರಕ್ಷಿತ ಎಂಬುದು ಅವರ ಲೆಕ್ಕ. ಅಲ್ಲಿದ್ದವರು ಒಳ್ಳೆಯ ಮಾತಿನಿಂದಲೇ ತೆಗೆದುಕೊಂಡರು. ಚೀಲವನ್ನು ರಿವಾಲ್ವರಿಗೆ ಕಟ್ಟಿದ್ದು ನನ್ನ ಕಣ್ಣೆದುರೇ. ರಶೀದಿಯಲ್ಲಿ ಬರೆದದ್ದು ಲೈಸೆನ್ಸ್ ನಂಬರ್, ರಿವಾಲ್ವರ್ ನಂಬರ್, "ಒಂದು ರಿವಾಲ್ವರ್". ಸಿಲಿಂಡರ್ ವಿಷಯ ಬರೆಯಿರಿ ಎಂದೆ. ಅದಕ್ಕೆ ಬೇರೆ ಕಾಲಂ ಇಲ್ಲ ಎಂದರು.

ಮಳೆಗಾಲ ಹಿಡಿದ ಮೇಲೆ ರಿವಾಲ್ವರ್ ವಾಪಸ್ ಬಂತು. ಚೀಲ ಬರಲಿಲ್ಲ. ಅಲ್ಲಿ ಹುಡುಕಿದರು, ಸುಮ್ನೆ ಹೇಳಬಾರದು, ನನ್ನೆದುರೇ ಕಪಾಟು ಖಾಲಿ ಮಾಡಿ ಹುಡುಕಿದರು. ಸಿಗಲಿಲ್ಲ. ಅಷ್ಟರಲ್ಲಿ ಒಂದಿಬ್ಬರು ವರ್ಗವಾಗಿ ಹೋಗಿದ್ದರು. ಕೊಟ್ಟದ್ದಕ್ಕೆ ದಾಖಲೆ ಏನು ಎಂದು ಕೇಳಿದರೆ ನನ್ನ ಹತ್ತಿರ ತೋರಿಸಲು ಏನೂ ಇಲ್ಲ. ಅಪ್ಪನ ಹಳೆಯ ಲೈಸೆನ್ಸ್ ಪುಸ್ತಕದಲ್ಲಿ ಹೆಚ್ಚುವರಿ ಸಿಲಿಂಡರ್ ಸಹಿತ ಎಂದು ಶಾಯಿಯಲ್ಲಿ ಬರೆದ ಸಾಲು ಇದೆ. 1997ರಲ್ಲಿ ಉಡುಪಿ ಬೇರೆ ಜಿಲ್ಲೆಯಾಗಿ ಕಡತ ಮಂಗಳೂರಿನಿಂದ ಬಂತು, ಆಮೇಲೆ ಹೆಸರು ಬದಲಾಯಿತು, ಆಮೇಲೆ ಎಲ್ಲ ಕಂಪ್ಯೂಟರಿಗೆ ಹೋಗಿ ಲೈಸೆನ್ಸಿಗೆ ಯುಐಎನ್ ಎಂಬ ವಿಶಿಷ್ಟ ಗುರುತಿನ ನಂಬರ್ ಬಂತು. ಇದರಲ್ಲಿ ಯಾವ ಹಂತದಲ್ಲೋ ಆ ಸಾಲು ಬಿಟ್ಟುಹೋಗಿದೆ. ಹೊಸ ಪುಸ್ತಕದಲ್ಲಿ ಅದು ಬರಲೇ ಇಲ್ಲ. ತಿದ್ದಿಸಲು ಕೊಟ್ಟ ಅರ್ಜಿಗೆ ಉತ್ತರವೂ ಬರಲಿಲ್ಲ.

ಇಷ್ಟು ಚಿಕ್ಕ ಸಾಮಾನಿಗೆ ಇಷ್ಟು ದೊಡ್ಡ ಪತ್ರವೇ ಎಂದು ಕೆಲವರಿಗೆ ಅನಿಸಬಹುದು. ಕೈಯಲ್ಲಿ ಉಳಿದಿರುವುದು ಮ್ಯಾಗ್ನಂ ಸಿಲಿಂಡರ್ ಮಾತ್ರ. ಅದರ ತೋಟೆ ನಮ್ಮ ಕಡೆಯ ಯಾವ ಅಂಗಡಿಯಲ್ಲೂ ನಾನು ಕಂಡಿಲ್ಲ. ನಮ್ಮ ದೇಶದ ಕಾರ್ಖಾನೆಯಲ್ಲೇ ತಯಾರಾಗಿ ಅಂಗಡಿಯಲ್ಲಿ ಸಿಗುವುದು ಲಾಂಗ್ ರೈಫಲ್ ತೋಟೆ. ಅದನ್ನೇ ಮ್ಯಾಗ್ನಂ ಸಿಲಿಂಡರಿಗೆ ಹಾಕಿದರೆ ಆಗದೇ ಎಂದು ಪರಿಚಯದವರು ಕೇಳಿದರು. ಖಂಡಿತ ಹಾಕಬಾರದು. ಲಾಂಗ್ ರೈಫಲ್ ತೋಟೆಯ ಹಿತ್ತಾಳೆ ಕವಚದ ದಪ್ಪ ಸುಮಾರು 5.7 ಮಿಲಿಮೀಟರ್, ಉದ್ದ ಸುಮಾರು 15.6. ಮ್ಯಾಗ್ನಂದು 6.1ರ ಮೇಲೆ ದಪ್ಪ, ಉದ್ದ ಸುಮಾರು 26.8. ಆ ದೊಡ್ಡ ಕೋಣೆಯಲ್ಲಿ ಚಿಕ್ಕ ತೋಟೆ ಸಡಿಲವಾಗಿ ಕೂರುತ್ತದೆ. ಹೊಡೆದಾಗ ಕವಚ ಉಬ್ಬಿ ಸೀಳುತ್ತದೆ, ಬಿಸಿ ಗ್ಯಾಸ್ ಹಿಂದಕ್ಕೆ ಬರುತ್ತದೆ. ಕಣ್ಣಿಗೆ ಅಪಾಯ.

ಹಾಗಾದರೆ ಬೇರೆ ರೂಗರಿನ ಸಿಲಿಂಡರ್ ತಂದು ಹಾಕಿದರಾಯಿತು ಅಲ್ವಾ? ಅದೂ ಅಷ್ಟು ಸುಲಭವಲ್ಲ. ಹ್ಯಾಮರ್ ಎಳೆದಾಗ ಸಿಲಿಂಡರ್ ಒಂದು ಕೋಣೆಯಷ್ಟು ತಿರುಗಿ, ಕೆಳಗಿನಿಂದ ಒಂದು ಬೋಲ್ಟ್ ಬಂದು ಅದರ ಬದಿಯ ಕಚ್ಚಿನಲ್ಲಿ ಕೂತು ಲಾಕ್ ಆಗುತ್ತದೆ. ಆ ಹೊತ್ತಿಗೆ ಕೋಣೆಯ ರಂಧ್ರ ಬ್ಯಾರೆಲಿನ ರಂಧ್ರಕ್ಕೆ ನೇರ ಇರಬೇಕು. ಕೂದಲೆಳೆಯಷ್ಟು ಆಚೀಚೆ ಆದರೂ ಬುಲೆಟ್ ಅಂಚಿಗೆ ತಾಗಿ ಸೀಸದ ಚೂರು ಬದಿಗೆ ಹಾರುತ್ತದೆ. ಸಿಲಿಂಡರಿನ ಮುಖಕ್ಕೂ ಬ್ಯಾರೆಲಿಗೂ ನಡುವೆ ಸಂದು ಅಳೆಯುವ ತೆಳು ಪಟ್ಟಿ (ಫೀಲರ್ ಗೇಜ್) ಹಾಕಿ ನೋಡಿದರೆ ನಮ್ಮ ರಿವಾಲ್ವರಿನಲ್ಲಿ ಸುಮಾರು 0.15 ಮಿಲಿಮೀಟರ್ ಸಂದು ಇತ್ತು. ಇದು ಜಾಸ್ತಿಯಾದರೆ ಗ್ಯಾಸ್ ಸೋರುತ್ತದೆ, ಕಡಿಮೆಯಾದರೆ ಮಸಿ ಕಟ್ಟಿ ಸಿಲಿಂಡರ್ ತಿರುಗುವುದೇ ಇಲ್ಲ. ಸಿಲಿಂಡರನ್ನು ತಿರುಗಿಸುವ, ಹಿಂಬದಿಯ ಆರು ಹಲ್ಲಿನ ರ‍್ಯಾಚೆಟ್ ಕೂಡ ಹೊಂದಬೇಕು. ಅದಕ್ಕೇ ಕಂಪೆನಿಯವರು ಎರಡೂ ಸಿಲಿಂಡರನ್ನು ಅದೇ ರಿವಾಲ್ವರಿಗೆ ಕೂರಿಸಿ ನೋಡಿ, ಜೋಡಿ ತಪ್ಪದಿರಲಿ ಎಂದು ರಿವಾಲ್ವರ್ ನಂಬರಿನ ಕೊನೆಯ ಮೂರು ಅಂಕಿಯನ್ನು ಸಿಲಿಂಡರಿನ ಮುಖದ ಮೇಲೆ ಕರೆಂಟ್ ಪೆನ್ಸಿಲಿನಲ್ಲಿ ಗೀಚುತ್ತಿದ್ದರು. ನಮ್ಮಲ್ಲಿ ಉಳಿದಿರುವ ಮ್ಯಾಗ್ನಂ ಸಿಲಿಂಡರಿನಲ್ಲಿ ಆ ಮೂರು ಅಂಕಿ ಇವತ್ತಿಗೂ ಓದಬಹುದು. ಯಾರೋ ಕೆಲಸಗಾರ ಕೈಯಲ್ಲೇ ಬರೆದದ್ದು, ಒಂದು ಅಂಕಿ ಸ್ವಲ್ಪ ವಾಲಿದೆ.

ನನ್ನ ಮನೆಯ ಹಿಂದಿನ ಶೆಡ್ಡಿನಲ್ಲಿ ಲೇತ್ ಇದೆ. ಒಳ್ಳೆಯ ಉಕ್ಕು, ಇಂಡೆಕ್ಸಿಂಗ್ ಹೆಡ್, ರೀಮರ್ ಇದ್ದರೆ ಇಂಥದ್ದನ್ನು ಮಾಡುವುದು ನನ್ನ ಕೈಗೆ ಮೀರಿದ ಕೆಲಸವಲ್ಲ. ಆದರೆ ನಾನು ಮಾಡುವುದಿಲ್ಲ. ಲೈಸೆನ್ಸ್ ಇಲ್ಲದೆ ಆಯುಧ ತಯಾರಿಸುವುದು, ರಿಪೇರಿ ಮಾಡುವುದು, ಪರೀಕ್ಷಿಸುವುದು 1959ರ ಆಯುಧ ಕಾಯಿದೆಯ 5ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಅದು ಸರಿಯೂ ಹೌದು. ಹೆಚ್ಚಿನ ಒತ್ತಡದ ಪರೀಕ್ಷೆ (ಪ್ರೂಫ್ ಟೆಸ್ಟ್) ಆಗದ ಸಿಲಿಂಡರ್ ಒಡೆದರೆ ಹಿಡಿದವನ ಬೆರಳು ಹೋಗುತ್ತದೆ. ಚಿಕ್ಕಪ್ಪನ ಮಗ ಅಮೆರಿಕದಲ್ಲಿದ್ದಾನೆ. ಅಲ್ಲಿ ಬಿಡಿ ಸಿಲಿಂಡರ್ ಹಳೆಯ ಸಾಮಾನಿನ ಮೇಜಿನ ಮೇಲೆ ಮಾರಾಟಕ್ಕೆ ಇರುತ್ತದಂತೆ, ಕಳಿಸಲೇ ಎಂದು ಕೇಳಿದ. ಅಲ್ಲಿನ ಕೇಂದ್ರ ಕಾನೂನಿನ ಪ್ರಕಾರ ಫ್ರೇಮ್ ಮಾತ್ರ ಬಂದೂಕು, ಸಿಲಿಂಡರ್ ಬರೀ ಬಿಡಿಭಾಗ. ಬೇಡ ಎಂದೆ. ಇಲ್ಲಿಗೆ ತರಿಸಲು ಆಮದು ಲೈಸೆನ್ಸ್ ಬೇಕು, ಅದು ನನ್ನಂಥವರಿಗೆ ಸಿಗುವಂಥದ್ದಲ್ಲ. ಮಂಗಳೂರು, ಮಡಿಕೇರಿ, ಬೆಂಗಳೂರಿನ ಲೈಸೆನ್ಸ್ ಅಂಗಡಿಗಳಲ್ಲೂ ವಿಚಾರಿಸಿದ್ದೇನೆ. ಜೋಡುನಳಿಗೆ ಕೋವಿಯ ಸ್ಪ್ರಿಂಗು, ಪಿನ್ನು ಕೆಲವರ ಹತ್ತಿರ ಇದೆ. ಇದು ಇಲ್ಲ.

ನನ್ನ ಮುಖ್ಯ ಮಾತು ಇಲ್ಲಿದೆ. ನಮ್ಮ ಕಾಯಿದೆಯ 2ನೇ ಸೆಕ್ಷನ್ನಿನಲ್ಲಿ ಆಯುಧ ಎಂದರೆ ಏನು ಎಂದು ಹೇಳುವಾಗ ಆಯುಧದ ಭಾಗಗಳನ್ನೂ ಸೇರಿಸಿದ್ದಾರೆ. 45ನೇ ಸೆಕ್ಷನ್ನಿನಲ್ಲಿ ಸಣ್ಣ ಭಾಗಗಳಿಗೆ ರಿಯಾಯಿತಿ ಇದೆ, ಆದರೆ ಉಳಿದ ಭಾಗಗಳ ಜೊತೆ ಸೇರಿಸಿ ಬಳಸುವ ಉದ್ದೇಶ ಇಲ್ಲದಿದ್ದರೆ ಮಾತ್ರ. ಹಾಗಾಗಿ ನನ್ನ ಸಿಲಿಂಡರ್ ಕಾನೂನಿನ ಲೆಕ್ಕದಲ್ಲಿ ಆಯುಧವೇ. ಲೈಸೆನ್ಸ್ ಇಲ್ಲದವರ ಮನೆಯಲ್ಲಿ ಅದು ಸಿಕ್ಕಿದರೆ ಕೇಸು ಬೀಳಬಹುದು. ಅಂಥ ವಸ್ತುವನ್ನು ಸರ್ಕಾರಕ್ಕೆ ಒಪ್ಪಿಸಿದಾಗ ಅದಕ್ಕೆ ರಶೀದಿ ಬೇಡವೇ? ಇಟ್ಟುಕೊಳ್ಳುವವನ ಮೇಲೆ ಜವಾಬ್ದಾರಿ ಹೊರಿಸಿದಷ್ಟೇ ತೆಗೆದುಕೊಳ್ಳುವವರೂ ಹೊರಬೇಕು. ಇದು ನನ್ನೊಬ್ಬನ ರಿವಾಲ್ವರಿನ ಪ್ರಶ್ನೆಯಲ್ಲ. ಬದಲಿಸಿ ಹಾಕುವ ಎರಡು ಬ್ಯಾರೆಲ್ ಇರುವ ಹಳೆಯ ಬಂದೂಕುಗಳಿವೆ, ಬಿಡಿ ಮ್ಯಾಗಜಿನ್ ಇರುವ ರೈಫಲ್‌ಗಳಿವೆ, ಟೆಲಿಸ್ಕೋಪ್ ಹಾಕಿದವೂ ಇವೆ. ಎಲ್ಲವನ್ನೂ "ಒಂದು ಕೋವಿ" ಎಂದು ಬರೆದು ಕಪಾಟಿಗೆ ಹಾಕಿದರೆ ವಾಪಸ್ ಕೊಡುವಾಗ ಕೊಡುವವರಿಗೂ ಗೊತ್ತಾಗುವುದಿಲ್ಲ, ಪಡೆಯುವವರಿಗೂ ಕೇಳಲು ಆಧಾರ ಇರುವುದಿಲ್ಲ.

ಮುಂದಿನ ಚುನಾವಣೆಗೆ ಮೊದಲು ಉಡುಪಿ, ದಕ್ಷಿಣ ಕನ್ನಡ ಎರಡೂ ಜಿಲ್ಲೆಗಳ ಅಧಿಕಾರಿಗಳು ರಶೀದಿ ಪುಸ್ತಕದಲ್ಲಿ "ಜೊತೆಗೆ ಕೊಟ್ಟ ಭಾಗಗಳು" ಎಂದು ಒಂದು ಕಾಲಂ ಹಾಕಿಸಲಿ. ಒಂದು ಗೆರೆ ಸಾಕು. ಲೈಸೆನ್ಸ್ ನವೀಕರಣದ ಸಮಯದಲ್ಲಿ ಹಳೆಯ ಪುಸ್ತಕ ತೆಗೆದು, ಬಿಟ್ಟುಹೋದ ಷರಾಗಳನ್ನು ಹೊಸದಕ್ಕೆ ಏರಿಸಲಿ. ಇನ್ನು, ಎಲ್ಲರೂ ಕೋವಿ ಇಡಲೇಬೇಕೆಂದು ಚುನಾವಣಾ ಆಯೋಗ ಹೇಳಿಲ್ಲ, ಜಿಲ್ಲೆಯ ಸ್ಕ್ರೀನಿಂಗ್ ಸಮಿತಿ ಒಬ್ಬೊಬ್ಬರದನ್ನೂ ನೋಡಿ ತೀರ್ಮಾನಿಸಬೇಕು ಎಂಬುದು ಬಹಳ ಮಂದಿಗೆ ಗೊತ್ತಿರುವ ವಿಷಯ. ಅದರ ಬಗ್ಗೆ ರೈತ ಸಂಘಟನೆಗಳು ಮಾತಾಡುತ್ತಿವೆ, ನಾನು ಮತ್ತೆ ಬೆಳೆಸುವುದಿಲ್ಲ.

ಇನ್ನೊಂದು ಕೋರಿಕೆ ಇದೆ, ಇದು ನನಗೆ ಮೊದಲನೆಯದಕ್ಕಿಂತ ಕಡಿಮೆ ಮುಖ್ಯವಲ್ಲ. ಲೈಸೆನ್ಸುದಾರರು ತೀರಿಕೊಂಡು ಮಕ್ಕಳು ದುಬೈ, ಬೆಂಗಳೂರು ಎಂದು ಹೋದ ಮನೆಗಳ ಕೋವಿಗಳು ಠಾಣೆಗಳಲ್ಲಿ, ಅಂಗಡಿಗಳಲ್ಲಿ ಬಿದ್ದಿವೆ. ನಮ್ಮ ಉಪ್ಪುಗಾಳಿ, ಮಳೆಗೆ ಎರಡು ವರ್ಷ ಎಣ್ಣೆ ಕಾಣದಿದ್ದರೆ ಉಕ್ಕಿನ ಮೇಲೆ ತುಕ್ಕಿನ ಗುಳಿ ಬೀಳುತ್ತದೆ. ಚರ್ಮದ ಕವರಿನಲ್ಲಿ ಇಟ್ಟರಂತೂ ಇನ್ನೂ ಬೇಗ. ಕೊನೆಗೆ ಅವುಗಳನ್ನು ನಾಶ ಮಾಡುವಾಗ ಚೆನ್ನಾಗಿರುವ ಭಾಗಗಳೂ ಹೋಗುತ್ತವೆ. ಅದಕ್ಕೆ ಮೊದಲು ಲೈಸೆನ್ಸ್ ಇರುವ ಕೋವಿ ರಿಪೇರಿಯವರಿಂದ ಪರೀಕ್ಷಿಸಿ, ಪಟ್ಟಿ ಮಾಡಿ, ಬೇಕಾದ ಲೈಸೆನ್ಸುದಾರರಿಗೆ ಅವರ ಪುಸ್ತಕದಲ್ಲಿ ನಮೂದಿಸಿ ಕೊಡುವ ವ್ಯವಸ್ಥೆ ಯಾಕೆ ಆಗಬಾರದು? ಅಪ್ಪ ಹೋಗುತ್ತಿದ್ದ ಮಂಗಳೂರಿನ ರಿಪೇರಿಯವರಿಗೆ ಈಗ ಕಣ್ಣು ಮಂಜಾಗಿದೆ. ಮಗ ಬೇರೆ ಕೆಲಸ ಹಿಡಿದಿದ್ದಾನೆ. ಸಿಲಿಂಡರ್ ಕೂರಿಸಿ ಬೆಳಕಿಗೆ ಹಿಡಿದು, ಕೋಣೆ ಬ್ಯಾರೆಲಿಗೆ ನೇರ ಬಂದು ಲಾಕ್ ಆಗುತ್ತದೆಯೇ ಎಂದು ನೋಡಬಲ್ಲ ಕೈಗಳು ಇನ್ನು ಕೆಲವೇ ವರ್ಷ ಇರುತ್ತವೆ. ಕಾನೂನಿನ ಒಳಗೇ ಅವರಿಗೆ ಕೆಲಸ ಸಿಗುವ ದಾರಿ ಇದು.

ಓದುಗರಲ್ಲಿ ಒಂದು ವಿನಂತಿ. ನಾನು ಕಳೆದುಕೊಂಡ ಸಿಲಿಂಡರ್ ಮುಷ್ಟಿಯೊಳಗೆ ಹಿಡಿಸುವ ಕಪ್ಪು ಉಕ್ಕಿನ ತುಂಡು. ಮೈಯಲ್ಲಿ ಆರು ಉದ್ದ ತಗ್ಗು, ಉದ್ದಕ್ಕೆ ಆರು ಸಣ್ಣ ರಂಧ್ರ, ನಡುವೆ ಪಿನ್ನಿನ ರಂಧ್ರ, ಹಿಂದೆ ಸಣ್ಣ ಹಲ್ಲುಗಳು. ಮ್ಯಾಗ್ನಂ ಸಿಲಿಂಡರಿನ ಮೇಲೆ ಹೆಸರು ಕೊರೆದಿರುತ್ತದೆ, ಇದರ ಮೇಲೆ ಹೆಸರಿಲ್ಲ. ಹಾಗಾಗಿ ನೋಡಿದವರು ಪಂಪಿನದೋ ಸೈಕಲ್ಲಿನದೋ ಭಾಗ ಎಂದು ಗುಜರಿಗೆ ಹಾಕುವ ಸಾಧ್ಯತೆ ಇದೆ. ಎಲ್ಲಾದರೂ ಕಂಡರೆ, ಅಥವಾ ನಿಮ್ಮ ಮನೆಯ ಹಿರಿಯರ ಪೆಟ್ಟಿಗೆಯಲ್ಲಿ ಇಂಥದ್ದು ಸಿಕ್ಕಿದರೆ, ದಯವಿಟ್ಟು ನನ್ನ ಹತ್ತಿರ ತರಬೇಡಿ, ಮನೆಯಲ್ಲೂ ಇಟ್ಟುಕೊಳ್ಳಬೇಡಿ. ಹತ್ತಿರದ ಠಾಣೆಗೋ ಲೈಸೆನ್ಸ್ ಇರುವ ಕೋವಿ ಅಂಗಡಿಗೋ ಒಪ್ಪಿಸಿ. ಮಂಗಳೂರು, ಉಡುಪಿಯ ಅಂಗಡಿಯವರಿಗೆ ನನ್ನ ರಿವಾಲ್ವರಿನ ವಿವರ ಬರೆದು ಕೊಟ್ಟಿದ್ದೇನೆ. ಒಪ್ಪಿಸುವಾಗ ಏನು ಕೊಟ್ಟಿರಿ ಎಂದು ಬರೆಸಿಕೊಂಡೇ ರಶೀದಿ ಪಡೆಯಿರಿ.

ಇತಿ,
ಒಬ್ಬ ನಿವೃತ್ತ ಐಟಿಐ ಶಿಕ್ಷಕ
ಕಾರ್ಕಳ ತಾಲೂಕು, ಉಡುಪಿ ಜಿಲ್ಲೆ