ಬಾಲಣ್ಣನ ಮಾತು ನಮ್ಮಮ್ಮನಿಗೂ ತಲುಪಲಿ

ಮಾನ್ಯ ಸಂಪಾದಕರೇ,

ಅಭಿಮಾನ್ ಸ್ಟುಡಿಯೋ ಹೆಸರು ಪತ್ರಿಕೆಯಲ್ಲಿ ಕಂಡರೆ ನಾನು ಸುದ್ದಿಯನ್ನು ಕೊನೆಯವರೆಗೂ ಓದುತ್ತೇನೆ. ಜಮೀನು ಯಾರಿಗೆ ಸೇರಬೇಕು, 2009ರಲ್ಲಿ ವಿಷ್ಣುವರ್ಧನ್ ಅವರ ಅಂತ್ಯಸಂಸ್ಕಾರ ನಡೆದ ಜಾಗದ ಗತಿ ಏನು, ಹೆಚ್ಚಾಗಿ ಇದೇ ಇರುತ್ತದೆ. ಅಭಿಮಾನಿಗಳ ನೋವು ನನಗೂ ಅರ್ಥವಾಗುತ್ತದೆ. ಆದರೆ ಕೆಂಗೇರಿ ಹತ್ತಿರ ಆ ಸ್ಟುಡಿಯೋ ಕಟ್ಟಿದ ಹಾಸ್ಯನಟ ಟಿ.ಎನ್. ಬಾಲಕೃಷ್ಣ, ಅಂದರೆ ನಮ್ಮೆಲ್ಲರ ಬಾಲಣ್ಣ, ಅವರ ಬಗ್ಗೆ ಒಂದು ಸಾಲಿಗಿಂತ ಜಾಸ್ತಿ ಸಿಗುವುದಿಲ್ಲ. ಅವರು ನಮ್ಮ ಅರಸೀಕೆರೆಯವರು. ಈ ಪತ್ರ ಬರೆಯಲು ಅದೊಂದು ಕಾರಣ. ಇನ್ನೊಂದು ಕಾರಣ ನಮ್ಮಮ್ಮ.

ಅಮ್ಮನಿಗೆ ಈಗ 78 ವರ್ಷ. ಆರು ವರ್ಷದಿಂದ ಕಿವಿ ಮಂದ. ಮಷಿನ್ ಹಾಕಿಕೊಂಡರೆ ಟಿವಿಯ ಸದ್ದೆಲ್ಲ ಒಟ್ಟಿಗೆ ಗುಂಯ್ ಅನ್ನುತ್ತದಂತೆ, ಮಾತು ಬಿಡಿಬಿಡಿಯಾಗಿ ಕೇಳುವುದಿಲ್ಲ. ಆದರೂ ಮಧ್ಯಾಹ್ನ ಹಳೇ ಸಿನಿಮಾ ಶುರುವಾದರೆ ಬಂದು ಕೂರುತ್ತಾರೆ. ಬಾಲಣ್ಣ ತೆರೆ ಮೇಲೆ ಬಂದರೆ ಸಾಕು, ಅಮ್ಮನ ಮುಖ ಅರಳುತ್ತದೆ. ಆ ಓರೆಗಣ್ಣಿನ ನೋಟ, ಕೊಂಕು ನಗು ನೋಡಿಯೇ ನಗುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ "ಏನಂದ್ನೇ ಅವ್ನು?" ಅಂತ ಕೇಳುತ್ತಾರೆ. ನಾನು ಕಿವಿ ಹತ್ತಿರ ಬಾಗಿ ಕೂಗಿ ಹೇಳುವಷ್ಟರಲ್ಲಿ ದೃಶ್ಯವೇ ಮುಗಿದಿರುತ್ತದೆ. ಈಚೆಗೆ ಎರಡು ಸಲ ಕೇಳಿ ಸುಮ್ಮನಾಗಿಬಿಡುತ್ತಾರೆ. ಅದು ನನಗೆ ತುಂಬಾ ಸಂಕಟ.

ಯೋಚಿಸಿ ನೋಡಿ, ಬಾಲಣ್ಣನಿಗೂ ಕಿವಿ ಕೇಳುತ್ತಿರಲಿಲ್ಲ ಅಲ್ವಾ? ಕಡುಬಡತನದಲ್ಲಿ ಬೆಳೆದವರು. ನಾಟಕ ಕಂಪನಿಗಳಲ್ಲಿ ಬೋರ್ಡು ಬರೆಯುವುದರಿಂದ ಹಿಡಿದು ಸಿಕ್ಕ ಕೆಲಸವನ್ನೆಲ್ಲ ಮಾಡಿ ನಟರಾದರು. 1940ರ ದಶಕದಲ್ಲಿ ಸಿನಿಮಾಕ್ಕೆ ಬಂದರು. 1995ರಲ್ಲಿ ತೀರಿಕೊಳ್ಳುವ ಹೊತ್ತಿಗೆ 500ಕ್ಕೂ ಹೆಚ್ಚು ಚಿತ್ರಗಳಲ್ಲಿ ನಟಿಸಿದ್ದರು. ಎದುರಿನವರ ಮಾತು ಕೇಳದ ಮನುಷ್ಯ ಇಷ್ಟೆಲ್ಲ ಮಾಡಿದ್ದು ಹೇಗೆ? ಎದುರಿಗಿದ್ದವರ ತುಟಿ ನೋಡಿ, ಅವರ ಮಾತು ಎಲ್ಲಿ ಮುಗಿಯಿತು ಅಂತ ತಿಳಿದು, ತಮ್ಮ ಮಾತು ಹೇಳುತ್ತಿದ್ದರು.

ಇದು ಸಣ್ಣ ವಿಷಯ ಅಲ್ಲ. ಹಾಸ್ಯದ ಮಾತು ಅರ್ಧ ಕ್ಷಣ ಮೊದಲು ಬಂದರೂ ಕೆಟ್ಟಿತು, ಅರ್ಧ ಕ್ಷಣ ತಡವಾದರೂ ಕೆಟ್ಟಿತು. ಎದುರಿಗೆ ಇರುತ್ತಿದ್ದವರು ನರಸಿಂಹರಾಜು ಅವರಂಥ ಚುರುಕಿನ ನಟರು. ಇಬ್ಬರ ಜಟಾಪಟಿ ಇರುವ ಯಾವ ದೃಶ್ಯ ಬೇಕಾದರೂ ನೋಡಿ. ಇವರಲ್ಲಿ ಒಬ್ಬರಿಗೆ ಕಿವಿ ಕೇಳುವುದಿಲ್ಲ ಅಂತ ಹೇಳಿದರೆ ಹೊಸಬರು ನಂಬುವುದಿಲ್ಲ. ಚಾಡಿಕೋರ, ಜಿಪುಣ, ಊರು ಒಡೆಯುವ ಮುದುಕ, ಎಂಥ ಪಾತ್ರ ಕೊಟ್ಟರೂ ನಾವು ಬೈದುಕೊಂಡೇ ನಗುತ್ತಿದ್ದೆವು. 1972ರ 'ಬಂಗಾರದ ಮನುಷ್ಯ'ದಲ್ಲಿ ಅದೇ ಬಾಲಣ್ಣ ರಾಚೂಟಪ್ಪನಾಗಿ ಬಂದಾಗ ನಮ್ಮ ಮನೆಯ ಹಿರಿಯರಲ್ಲಿ ಒಬ್ಬರು ಅನ್ನಿಸುತ್ತಾರೆ.

ದುಡಿದದ್ದನ್ನು ಅವರು ಸುಮ್ನೆ ಇಟ್ಟುಕೊಳ್ಳಲೂ ಇಲ್ಲ. ರಾಜ್‌ಕುಮಾರ್, ನರಸಿಂಹರಾಜು, ಜಿ.ವಿ. ಅಯ್ಯರ್ ಜೊತೆ ಸೇರಿ 1960ರಲ್ಲಿ 'ರಣಧೀರ ಕಂಠೀರವ' ತೆಗೆದರು. ಕನ್ನಡ ಸಿನಿಮಾದ ಹೆಚ್ಚಿನ ಕೆಲಸ ಮದರಾಸಿನಲ್ಲಿ ನಡೆಯುತ್ತಿದ್ದ ಕಾಲ ಅದು. ನಮ್ಮ ನೆಲದಲ್ಲೇ ಒಂದು ಸ್ಟುಡಿಯೋ ಇರಲಿ ಅಂತ ಆಸೆಪಟ್ಟು ಅಭಿಮಾನ್ ಕಟ್ಟಲು ಹೊರಟರು. ಅದಕ್ಕಾಗಿ ಸಾಲದಲ್ಲಿ ಬಿದ್ದರು.

ನನ್ನ ಬೇಡಿಕೆ ದೊಡ್ಡದೇನಲ್ಲ. ಬಾಲಣ್ಣನ ಚಿತ್ರಗಳಿಗೆ ಕನ್ನಡದಲ್ಲೇ ಸಬ್‌ಟೈಟಲ್ ಹಾಕಿ. ಯೂಟ್ಯೂಬ್‌ನಲ್ಲಿ ಈ ಚಿತ್ರಗಳನ್ನು ಹಾಕಿರುವ ಕಂಪನಿಗಳು, ದಿನಾ ಪ್ರಸಾರ ಮಾಡುವ ಚಾನೆಲ್‌ಗಳು, ಚಲನಚಿತ್ರ ಅಕಾಡೆಮಿ, ಯಾರಾದರೂ ಮುಂದೆ ಬರಲಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲೇ ಸಬ್‌ಟೈಟಲ್ ಮಾತು ಇದೆ. ಚಿತ್ರಮಂದಿರದಲ್ಲಿ ಕಿವಿ ಕೇಳದವರಿಗೂ ಅನುಕೂಲ ಇರಬೇಕು ಅಂತ 2024ರಲ್ಲಿ ಕೇಂದ್ರ ಸರ್ಕಾರ ಮಾರ್ಗಸೂಚಿಯನ್ನೂ ತಂದಿತು. ಆದರೆ ಅದು ಹೊಸ ಚಿತ್ರಗಳ ಮಾತು. ವಯಸ್ಸಾಗಿ ಕಿವಿ ಹೋದವರು ನೋಡುವುದು ಹಳೆಯ ಚಿತ್ರಗಳನ್ನು.

ಒಂದು ಚಾನೆಲ್‌ಗೆ ನಾನು ಪತ್ರ ಬರೆದಿದ್ದೆ, ಉತ್ತರ ಬರಲಿಲ್ಲ. ಕೆಲಸ ಕಷ್ಟದ್ದಲ್ಲ. ಮಾತು ಕೇಳಿ ಟೈಪ್ ಮಾಡಿ, ಯಾವ ಮಾತು ಯಾವ ಕ್ಷಣಕ್ಕೆ ಬರಬೇಕು ಅಂತ ಗುರುತು ಹಾಕಬೇಕು. ಕಂಪ್ಯೂಟರ್ ಗೊತ್ತಿರುವ, ಹಳ್ಳಿ ಮಾತು ಬಲ್ಲ ಕಾಲೇಜು ಹುಡುಗರು ನಾಲ್ಕು ಜನ ಸೇರಿದರೆ ಆಗುವ ಕೆಲಸ. ಆದರೆ ಬಾಲಣ್ಣ ಆಡಿದ ಮಾತನ್ನು ಗ್ರಂಥದ ಭಾಷೆಗೆ ತಿದ್ದಬಾರದು. ಅವರು ಹೇಗೆ ಅಂದರೋ ಹಾಗೇ ಅಕ್ಷರ ಬರಬೇಕು, ಇಲ್ಲದಿದ್ದರೆ ನಗು ಬರುವುದಿಲ್ಲ.

'ಬಂಗಾರದ ಮನುಷ್ಯ'ದಿಂದಲೇ ಶುರು ಮಾಡಬಹುದು. ನಮ್ಮಮ್ಮನ ಕಣ್ಣು ಇನ್ನೂ ಚೆನ್ನಾಗಿದೆ. ಕನ್ನಡಕ ಹಾಕಿಕೊಂಡು ನಿಮ್ಮ ಪತ್ರಿಕೆಯನ್ನು ದಿನಾ ಬೆಳಿಗ್ಗೆ ಒಂದಕ್ಷರ ಬಿಡದೆ ಓದುತ್ತಾರೆ.

ಇತಿ,
ನಿಮ್ಮ ಓದುಗಿ
ಅರಸೀಕೆರೆ